ನಮ್ಮ ಅಂಗಡಿಯ ಖಾಲಿ ಪಂಜರ

(1/8)

ಮೊದಲ ಫೋಟೋ ನೋಡಿ. ಕಬ್ಬಿಣದ ಪಂಜರ, ಒಳಗೆ ಒಂದೂ ಕೋಳಿ ಇಲ್ಲ, ಕೆಳಗೆ ಒದ್ದೆ ನೆಲ, ಮೂಲೆಯಲ್ಲಿ ಬ್ಲೀಚಿಂಗ್ ಪೌಡರ್ ಡಬ್ಬಿ. ಇದು ಭಾಲ್ಕಿಯಲ್ಲಿರೋ ನಮ್ಮಪ್ಪನ ಚಿಕನ್ ಅಂಗಡಿ. ಸೋಮವಾರ ಬೆಳಗ್ಗೆ ತೆಗೆದದ್ದು.

"ಅಂಗಡಿ ಮುಚ್ಚಿದ್ರಾ?" ಅಂತ ಸ್ಟೋರಿಗೆ ಹದಿನೈದು ಜನ ರಿಪ್ಲೈ ಮಾಡಿದ್ರಿ. ಮುಚ್ಚಿಲ್ಲ. ಮಂಗಳವಾರ ಬೆಳಗ್ಗೆ ಆರಕ್ಕೆ ಮತ್ತೆ ತೆರೀತದೆ. ಆದ್ರೆ ವಾರಕ್ಕೆ ಒಂದು ದಿನ ಈ ಪಂಜರ ಯಾಕೆ ಖಾಲಿ ಇರ್ತದೆ ಅನ್ನೋದಕ್ಕೆ ಒಂದು ಕಥೆ ಇದೆ. ಅದರಲ್ಲಿ ತಪ್ಪು ಮಾಡಿದವಳು ನಾನು. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಬೀದರ್‌ನಲ್ಲಿ ನನ್ನ ಜೊತೆ ಬಿಕಾಂ ಓದೋರಿಗೆ ಗೊತ್ತು, ಕ್ಲಾಸಲ್ಲಿ ನನ್ನ ಹೆಸರೇ 'ಚಿಕನ್ ಅಕೌಂಟೆಂಟ್'. ಭಾನುವಾರ ಅಂಗಡಿಯ ಲೆಕ್ಕ ಬರೆಯೋದು ನನ್ನ ಕೆಲಸ. ಎಷ್ಟು ಕ್ರೇಟ್ ಬಂತು, ಎಷ್ಟು ಕೆಜಿ ಹೋಯ್ತು, ಯಾರದ್ದು ಉದ್ರಿ, ಎಷ್ಟು ಸತ್ತವು. ಕೊನೆಯದಕ್ಕೆ ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಇದೆ. ಅಪ್ಪ ಅದಕ್ಕೆ ಇಟ್ಟಿರೋ ಹೆಸರು 'ವೇಸ್ಟ್'.

ಈ ಸರಣಿ ಆ ಕಾಲಂ ಬಗ್ಗೆ. ಚಿಕನ್ ತಿನ್ನಬೇಡಿ ಅಂತ ನಾನು ಹೇಳ್ತಿಲ್ಲ. ನಾನೂ ತಿಂತೀನಿ. ಅದೇ ದುಡ್ಡಲ್ಲಿ ಓದ್ತಿದ್ದೀನಿ. ಕೊನೇತನಕ ಓದಿ, ಆಮೇಲೆ ಬೈಯಿರಿ.

(2/8)

ಎರಡನೇ ಫೋಟೋ ಭಾಲ್ಕಿ ರೈಲ್ವೆ ಸ್ಟೇಷನ್. ಇಲ್ಲಿಂದ ರೈಲು ಹತ್ತಿದ್ರೆ ಕಮಲನಗರ, ಅದು ದಾಟಿದ್ರೆ ಮಹಾರಾಷ್ಟ್ರದ ಉದಗೀರ. ನಮ್ಮ ಕಡೆಯವರು ಬಟ್ಟೆ ಖರೀದಿಗೆ, ದವಾಖಾನೆಗೆ, ಮದುವೆಗೆ ಹೋಗಿ ಬರೋ ಊರು. ಗಡಿ ಅನ್ನೋದು ನಮಗೆ ಬೋರ್ಡಿನ ಮೇಲೆ ಭಾಷೆ ಬದಲಾಗೋದು ಅಷ್ಟೇ.

2025ರ ಜನವರಿಯಲ್ಲಿ ಆ ಉದಗೀರದಲ್ಲಿ ಕಾಗೆಗಳು ಸಾಯೋಕೆ ಶುರುವಾದವು. ಒಂದೆರಡಲ್ಲ, 50ಕ್ಕೂ ಹೆಚ್ಚು. ಸ್ಯಾಂಪಲ್ ಭೋಪಾಲಕ್ಕೆ ಹೋಯ್ತು. ದೇಶದಲ್ಲಿ ಎಲ್ಲೇ ಹಕ್ಕಿ ಜ್ವರದ ಅನುಮಾನ ಬಂದ್ರೂ ಖಾತ್ರಿ ಮಾಡೋದು ಅಲ್ಲಿರೋ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿ ರೋಗಗಳ ಸಂಸ್ಥೆ. ವರದಿ ಬಂತು: ಹಕ್ಕಿ ಜ್ವರ, ಎಚ್5ಎನ್1.

ಅದೇ ವರ್ಷ ಫೆಬ್ರವರಿಯಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳ ಫಾರ್ಮ್‌ಗಳಲ್ಲಿ ಬಂತು. ತೆಲಂಗಾಣ ಗಡಿಯಲ್ಲಿ ಕೋಳಿ ಗಾಡಿಗಳನ್ನ ತಡೆದು ವಾಪಸ್ ಕಳಿಸಿದ್ರು. ಆಮೇಲೆ ನಮ್ಮ ರಾಜ್ಯದಲ್ಲೇ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಖಾತ್ರಿಯಾಯ್ತು. ಮ್ಯಾಪ್ ತೆಗೆದು ನೋಡಿ. ಬೀದರ್ ಜಿಲ್ಲೆಯ ಒಂದು ಬದಿಗೆ ಮಹಾರಾಷ್ಟ್ರ, ಇನ್ನೊಂದು ಬದಿಗೆ ತೆಲಂಗಾಣ. ಕಾಗೆಗೆ ಟಿಕೆಟ್ ಬೇಕಾಗಿಲ್ಲ. ಕೋಳಿ ಗಾಡಿಗೆ ಬೇಕಾದದ್ದು ಡೀಸೆಲ್ ಒಂದೇ.

ಉದಗೀರದ ಸುದ್ದಿ ವಾಟ್ಸ್ಯಾಪಿಗೆ ಬಂದ ವಾರವೇ ನಮ್ಮ ಅಂಗಡಿಗೆ ಬಂದ ಗಾಡಿಯಲ್ಲಿ ಒಂದು ಕ್ರೇಟಿನೊಳಗೆ ಐದು ಕೋಳಿ ಸತ್ತಿದ್ದವು. ಇನ್ನೆರಡು ಕುತ್ತಿಗೆ ಇಳಿಬಿಟ್ಟು ಕೂತಿದ್ದವು. ನಾನು ಫೋನ್ ಹಿಡಿದು ನಿಂತಿದ್ದೆ. "ಅಪ್ಪಾ, ಇದು ಅದೇ ಇರಬಹುದಾ?" ಅಂದೆ.

ಅಪ್ಪ ಸುತ್ತ ನೋಡಿ ದನಿ ಇಳಿಸಿದ. "ಸುಮ್ಕಿರು ಯವ್ವಾ. ಥಂಡಿ ಅದ, ಗಾಡ್ಯಾಗ ಬರುವಾಗ ನಾಕೈದು ಸಾಯೋದು ಇದ್ದದ್ದೇ. ಇವತ್ತು ಬಾಯಿ ಬಿಟ್ಟಿ ಅಂದ್ರ ನಾಳಿ ಒಬ್ಬ ಗಿರಾಕಿನೂ ಬರಂಗಿಲ್ಲ."

ಅಪ್ಪ ಸುಳ್ಳು ಹೇಳಿರಲಿಲ್ಲ. ಚಳಿಗೆ, ನೂಕುನುಗ್ಗಲಿಗೆ, ನೀರಿಲ್ಲದೆ ಕೋಳಿ ಸಾಯ್ತವೆ. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ವಾರ ಒಂದೆರಡು ಇರ್ತಿದ್ದವು. ಆದ್ರೆ ಒಂದೇ ಕ್ರೇಟಿನಲ್ಲಿ ಐದು ಅಂತ ನಾನು ಹಿಂದೆ ಯಾವತ್ತೂ ಬರೆದಿರಲಿಲ್ಲ. ಬರೆದೆ. ವೇಸ್ಟ್: 5. ಪೆನ್ ಮುಚ್ಚಿದೆ.

(3/8)

ಮೂರನೇ ಫೋಟೋ ನಮ್ಮ ಆಯಿ. ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ. ಅವ್ವನ ತವರು ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಆಯಿ ಮನೆ ಹಿತ್ತಲಲ್ಲಿ ಜವಾರಿ ಕೋಳಿ ಸಾಕ್ತಾಳೆ. ಆಗ ಹದಿನಾಲ್ಕು ಇದ್ದವು, ಮರಿ ಬಿಟ್ಟು.

ಸಿಟಿಯವರಿಗೆ ಕೋಳಿ ಅಂದ್ರೆ ಪ್ಲೇಟು. ಆಯಿಗೆ ಅದು ಬ್ಯಾಂಕು. ಮೊಟ್ಟೆ ಮಾರಿದ್ದು ಚಾಪತ್ತಿ, ಸಕ್ಕರೆ, ಬಿಪಿ ಗುಳಿಗೆಗೆ. ಅಮರೇಶ್ವರ ಜಾತ್ರೆ ಹೊತ್ತಿಗೆ ಬಳೆಗೆ, ಮೊಮ್ಮಕ್ಕಳ ಕೈಗೆ ಇಡೋಕೆ. ಎರಡನೇ ಸೆಮ್ ಎಕ್ಸಾಮ್ ಫೀಸ್ ಕಟ್ಟೋಕೆ ನನ್ನ ಹತ್ರ ದುಡ್ಡು ಇರಲಿಲ್ಲ. ಅಪ್ಪನಿಗೆ ಹೇಳೋಕೆ ಮನಸಿರಲಿಲ್ಲ. ಆಯಿ ಮೂರು ಕೋಳಿ ಮಾರಿ ನೋಟುಗಳನ್ನ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಿದ್ಲು. ನಮ್ಮ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಇಂಥ ಬ್ಯಾಂಕಿಗೆ ಜಾಗ ಇಲ್ಲ.

ಆ ಡಿಸೆಂಬರಿನಲ್ಲಿ ಆಯಿಯ ಹುಂಜವನ್ನ ನಾಯಿ ಹಿಡಿದಿತ್ತು. "ಒಂದು ಛಲೋ ಹುಂಜ ಇದ್ರ ನೋಡಂತ ನಿಮ್ಮಪ್ಪಗ ಹೇಳು" ಅಂತ ಎರಡು ಸಲ ಫೋನ್ ಮಾಡಿದ್ಲು. ಸಂತೆಯಿಂದ ಯಾರೋ ತಂದು ಮಾರಿದ ಒಂದು ಕೆಂಪು ಜವಾರಿ ಹುಂಜ ನಮ್ಮ ಅಂಗಡಿಯಲ್ಲಿತ್ತು. ನಾಲ್ಕು ದಿನದಿಂದ ಅದೇ ಪಂಜರದಲ್ಲಿ, ಬಾಯ್ಲರ್ ಕೋಳಿಗಳ ಜೊತೆ. ಐದು ಕೋಳಿ ಸತ್ತ ಕ್ರೇಟನ್ನ ಇಳಿಸಿದ್ದೂ ಅದರ ಪಕ್ಕದಲ್ಲೇ.

ಹುಂಜದ ಕಾಲಿಗೆ ದಾರ ಕಟ್ಟಿ, ಬಟ್ಟೆ ಚೀಲದಲ್ಲಿ ತಲೆ ಮಾತ್ರ ಹೊರಗೆ ಇರೋ ಹಾಗೆ ಕೂರಿಸಿ, ಔರಾದ್ ಬಸ್ ಹತ್ತಿದವಳು ನಾನು. ಕಿಟಕಿ ಪಕ್ಕ ಕೂತು ಅದರ ಜೊತೆ ಸೆಲ್ಫಿ ಬೇರೆ. ಆ ಸೆಲ್ಫಿಗೆ ನಿಮ್ಮಲ್ಲಿ 214 ಜನ ಲೈಕ್ ಕೊಟ್ಟಿದ್ರಿ. ಈಗ ಅದನ್ನ ಆರ್ಕೈವ್ ಮಾಡಿದ್ದೀನಿ.

"ಯವ್ವಾ, ಎಷ್ಟ್ ಚಂದ ಹುಂಜ ತಂದೀ!" ಆಯಿ ಅದರ ತಲೆ ಸವರಿ ಸೀದಾ ಹಿತ್ತಲಿಗೆ ಬಿಟ್ಲು. ಹದಿನಾಲ್ಕು ಕೋಳಿಗಳ ನಡುವೆ.

(4/8)

ನಾಲ್ಕನೇ ಸ್ಲೈಡಿಗೆ ಫೋಟೋ ಇಲ್ಲ. ಕಪ್ಪು ಬಣ್ಣ ಹಾಕಿದ್ದೀನಿ. ಆ ದಿನಗಳ ಫೋಟೋ ನಾನು ತೆಗೆದಿಲ್ಲ.

ಮೂರನೇ ದಿನ ಹುಂಜ ಸತ್ತಿತು. ಆಯಿ ಫೋನಲ್ಲಿ, "ಬಸ್ಸಿನ ದಣಿವು ಇರಬೇಕು" ಅಂದ್ಲು. ಐದನೇ ದಿನ ಎರಡು ಕೋಳಿ. ಆಮೇಲೆ ದಿನಾ. ಮಂಕಾಗಿ ಮೂಲೆ ಹಿಡಿಯೋದು, ಹಸಿರು ಹೇತು, ಸಂಜೆಗೆ ಕಾಲು ಚಾಚೋದು. ಹತ್ತು ದಿನದೊಳಗೆ ಹಿತ್ತಲು ಖಾಲಿ. ಉಳಿದದ್ದು ಅಟ್ಟದ ಮೇಲೆ ಕಾವಿಗೆ ಕೂತಿದ್ದ ಒಂದೇ ಒಂದು ಕೋಳಿ.

ಹಳ್ಳಿಯವರು ತಲೆಗೊಂದು ಮಾತು ಹೇಳಿದ್ರು. ದೃಷ್ಟಿ ತಾಕಿದೆ. ದೇವಿ ಮುನಿದಾಳ. ಕೋಳಿಗೆ ಬ್ಯಾನಿ ಬಂದದ, ಪ್ರತಿ ವರ್ಷ ಬರ್ತದ. ಒಬ್ಬರೂ ಪಶು ದವಾಖಾನೆಗೆ ಫೋನ್ ಮಾಡಲಿಲ್ಲ. ಸತ್ತವನ್ನ ಆಯಿ ಹೊಲದ ಬದುವಿನಲ್ಲಿ ಹೂತಳು. ಇನ್ನೂ ಜೀವ ಇದ್ದ ಎರಡನ್ನ, ಬೈಕ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಕೋಳಿ ಖರೀದಿ ಮಾಡೋನಿಗೆ ಅರ್ಧ ರೇಟಿಗೆ ಕೊಟ್ಟಳು. ಅವನು ಬೈಕಿನ ಹಿಂದಿನ ಬುಟ್ಟಿಗೆ ಹಾಕ್ಕೊಂಡು ಹೋದ. ಆ ಬುಟ್ಟಿಯಲ್ಲಿ ಬೇರೆ ಊರಿನ ಕೋಳಿಗಳೂ ಇದ್ದವು.

ಫೋನಲ್ಲಿ ಇದನ್ನೆಲ್ಲ ಕೇಳ್ತಾ ನನ್ನ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಿತ್ತು. ಆ ಐದು ಕೋಳಿಗಳ ವಿಷಯ ಆಯಿಗೆ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ರೆ ಅಪ್ಪನ ಹೆಸರು ಬರ್ತದೆ, ಅಂಗಡಿ ಹೆಸರು ಬರ್ತದೆ, ಹಳ್ಳಿಯಿಂದ ಭಾಲ್ಕಿಗೆ ಸುದ್ದಿ ಬರೋಕೆ ಒಂದು ಬಸ್ ಸಾಕು. "ಹೌದಾ ಆಯಿ… ಪಾಪ" ಅಂತ ಅಷ್ಟೇ ಅಂದೆ.

ನಮ್ಮ ಹಿತ್ತಲಿಗೆ ಹಕ್ಕಿ ಜ್ವರ ಬಂದಿತ್ತು ಅಂತ ನಾನು ಹೇಳ್ತಿಲ್ಲ. ಕೊಕ್ಕರೆ ರೋಗ ಇರಬಹುದು. ಲಸಿಕೆ ಹಾಕಿಸದ ಜವಾರಿ ಕೋಳಿಗಳನ್ನ ಅದು ಹೀಗೇ ಒಂದರ ಹಿಂದೆ ಒಂದು ಕೆಡವ್ತದೆ. ಆದ್ರೆ ಎರಡೂ ರೋಗ ಹೊರಗಿನಿಂದ ನೋಡೋಕೆ ಒಂದೇ ಥರ. ಬೇರೆ ಮಾಡಿ ಹೇಳೋದು ಲ್ಯಾಬ್ ಮಾತ್ರ. ಲ್ಯಾಬಿಗೆ ಒಂದು ಕೋಳಿಯಾದ್ರೂ ಹೋಗಬೇಕಿತ್ತು.

(5/8)

ಐದನೇ ಫೋಟೋ ಬೀದರ್‌ನ ನಂದಿನಗರ. ಇದು ನಮ್ಮ ಜಿಲ್ಲೆಯವರೇ ಮರೆಯೋ ವಿಷಯ: ಇಡೀ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಇರೋದು ಬೆಂಗಳೂರಲ್ಲಿ ಅಲ್ಲ, ನಮ್ಮ ಬೀದರ್‌ನಲ್ಲಿ. ಪಿಯುಸಿಯಲ್ಲಿ ನನ್ನ ಜೊತೆ ಕೂರ್ತಿದ್ದ ಗೆಳತಿ ಅಲ್ಲೇ ಬಿವಿಎಸ್‌ಸಿ ಓದ್ತಾಳೆ. ತಿಂಗಳುಗಟ್ಟಲೆ ನುಂಗಿಟ್ಟುಕೊಂಡಿದ್ದನ್ನ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದ್ಲು: "ನಿಮ್ಮ ಪಂಜರ ಕೊನೆ ಸಲ ಪೂರ್ತಿ ಖಾಲಿ ಆಗಿದ್ದು ಯಾವಾಗ?"

ನನಗೆ ಉತ್ತರ ಗೊತ್ತಿರಲಿಲ್ಲ. ಯಾಕಂದ್ರೆ ಅದು ಖಾಲಿ ಆಗಿದ್ದೇ ಇಲ್ಲ.

ಅವಳು ನೋಟ್‌ಬುಕ್ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ವಿವರಿಸಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಒಂದು ಫಾರ್ಮ್‌ನಲ್ಲಿ ರೋಗ ಬಂದ್ರೆ ಕೋಳಿಗಳು ಸಾಯ್ತವೆ, ರೋಗವೂ ಅಲ್ಲಿಗೇ ಮುಗೀಬಹುದು. ಜೀವಂತ ಕೋಳಿ ಮಾರೋ ಜಾಗ ಹಾಗಲ್ಲ. ಇಲ್ಲಿ ಬೇರೆ ಬೇರೆ ಫಾರ್ಮ್, ಬೇರೆ ಬೇರೆ ಹಳ್ಳಿಯ ಹಕ್ಕಿಗಳು ಒಂದೇ ಪಂಜರಕ್ಕೆ ಬರ್ತವೆ. ಭಾನುವಾರ ಉಳಿದದ್ದು ಸೋಮವಾರ ಬಂದದ್ದಕ್ಕೆ ಅಂಟಿಸ್ತದೆ, ಸೋಮವಾರದ್ದು ಮಂಗಳವಾರದ್ದಕ್ಕೆ. ವೈರಸ್‌ಗೆ ಪ್ರತಿದಿನ ಹೊಸ ಬಾಡಿಗೆದಾರ ಸಿಗ್ತಾನೆ. ಮನೆ ಖಾಲಿ ಆಗೋದೇ ಇಲ್ಲ.

ಅದು ಕೂತಿರೋದು ಹಿಕ್ಕೆಯಲ್ಲಿ, ಸಿಂಬಳದಲ್ಲಿ, ಪುಕ್ಕದಲ್ಲಿ. ತಂಪಿನಲ್ಲಿ ಹಿಕ್ಕೆಯೊಳಗೆ ವಾರಗಟ್ಟಲೆ ಬದುಕ್ತದೆ, ಬಿಸಿಲಿಗೆ ಕೆಲವೇ ದಿನ. ಅದಕ್ಕೇ ಜನವರಿ ಚಳಿ ಅಂದ್ರೆ ಭಯ. ಗಾಡಿಯ ಕ್ರೇಟ್ ನಮ್ಮ ಅಂಗಡಿಯಲ್ಲಿ ಇಳಿದು, ತೊಳೆಯದೆ ವಾಪಸ್ ಫಾರ್ಮ್‌ಗೆ ಹೋಗ್ತದೆ. ಗಾಡಿ ಟೈರ್, ಚಪ್ಪಲಿ, ತಕ್ಕಡಿ, ಪುಕ್ಕ ತೆಗೆಯೋ ಮಷೀನು ಎಲ್ಲವೂ ಹೊರ್ತವೆ. ನಾನು ಹೊತ್ತದ್ದು ಬಟ್ಟೆ ಚೀಲದಲ್ಲಿ.

"ಹಾಗಾದ್ರೆ ಚಿಕನ್ ತಿಂದ್ರೆ?" ಅಂದೆ. ನೀವೂ ಅದನ್ನೇ ಕೇಳ್ತೀರಿ, ಗೊತ್ತು. ಚೆನ್ನಾಗಿ ಬೇಯಿಸಿದ್ರೆ ವೈರಸ್ ಸಾಯ್ತದೆ. ಒಳಗಿನ ತುಂಡೂ 70 ಡಿಗ್ರಿ ಮುಟ್ಟಬೇಕು. ನಮ್ಮ ಮನೆಗಳ ಸಾರು ಅದಕ್ಕಿಂತ ಎಷ್ಟೋ ಜಾಸ್ತಿ ಕುದೀತದೆ. ಅಪಾಯ ಜಾಸ್ತಿ ಇರೋದು ಹಸಿ ಮಾಂಸದಲ್ಲಿ, ಕಾಯಿಲೆ ಕೋಳಿಯನ್ನ ಮುಟ್ಟೋದ್ರಲ್ಲಿ, ಕೊಯ್ಯೋದ್ರಲ್ಲಿ, ಪುಕ್ಕ ಕೀಳೋದ್ರಲ್ಲಿ.

ಮನುಷ್ಯರಿಗೆ ಇದು ಬರೋದು ಅಪರೂಪ. ಆದ್ರೆ ಬಂದ್ರೆ ಸುಲಭ ಇಲ್ಲ. 2003ರಿಂದ ಈಚೆಗೆ ಜಗತ್ತಿನಲ್ಲಿ ಎಚ್5ಎನ್1 ತಗುಲಿದ್ದು ಖಾತ್ರಿಯಾದವರು ಸಾವಿರದ ಆಸುಪಾಸು. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತಿದ್ದಾರೆ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ 11 ವರ್ಷದ ಹುಡುಗ ದೆಹಲಿಯ ಏಮ್ಸ್‌ನಲ್ಲಿ ಸತ್ತ. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು. ಮಗುವಿಗೆ ಹಸಿ ಚಿಕನ್ ತುಂಡು ಕೊಟ್ಟಿದ್ರು ಅಂತ ಸುದ್ದಿಯಲ್ಲಿ ಬಂತು. ಎರಡು ವರ್ಷ.

ಇದನ್ನ ಓದಿದ ಮೇಲೆ ನಾನು ಮೊದಲು ನೆನೆಸಿಕೊಂಡದ್ದು ಅಪ್ಪನ ಕೈ. ಗ್ಲೌಸ್ ಇಲ್ಲ, ಮಾಸ್ಕ್ ಇಲ್ಲ, ಬೆರಳಲ್ಲಿ ಯಾವಾಗಲೂ ಒಂದೆರಡು ಕೊಯ್ದ ಗಾಯ. ದಿನಕ್ಕೆ ಮೂವತ್ತು ಕೋಳಿ. ಹನ್ನೆರಡು ವರ್ಷದಿಂದ.

(6/8)

ಆರನೇ ಫೋಟೋ ನನ್ನ ನೋಟ್‌ಬುಕ್ಕಿನ 'ವೇಸ್ಟ್' ಕಾಲಂ. ಹೆಸರು, ಫೋನ್ ನಂಬರ್ ಬ್ಲರ್ ಮಾಡಿದ್ದೀನಿ.

ಇಲ್ಲಿ ಸ್ವಲ್ಪ ಬಿಕಾಂ ಮಾತು ಆಡ್ತೀನಿ, ಸಹಿಸ್ಕೊಳ್ಳಿ.

ಕಾನೂನು ಸರಿಯಾಗಿಯೇ ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರ ಒಂದು ಕಾಯ್ದೆ ಇದೆ. ಅನುಮಾನ ಬಂದ್ರೆ ತಿಳಿಸೋದು ಮಾಲೀಕನ ಕರ್ತವ್ಯ, ಕಾಯಿಲೆ ಪ್ರಾಣಿಯನ್ನ ಮಾರುಕಟ್ಟೆಗೆ ತರೋದು ತಪ್ಪು ಅಂತ ಅದರಲ್ಲಿದೆ. ರೋಗ ಖಾತ್ರಿಯಾದ್ರೆ ಸುತ್ತಲಿನ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನ ಕೊಲ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡ್ತಾರೆ. ಕೊಂದ ಕೋಳಿಗೆ ಪರಿಹಾರ ಇದೆ, ಕೇಂದ್ರ ಅರ್ಧ, ರಾಜ್ಯ ಅರ್ಧ.

ಈಗ ಗಮನ ಇಟ್ಟು ಓದಿ. ಪರಿಹಾರ ಸಿಗೋದು ಇಲಾಖೆ ಕೊಂದ ಕೋಳಿಗೆ. ಅದಕ್ಕಿಂತ ಮೊದಲು ತಾನಾಗಿ ಸತ್ತದ್ದಕ್ಕೆ ಇಲ್ಲ. ವ್ಯಾಪಾರ ನಿಂತ ದಿನಗಳಿಗೆ ಇಲ್ಲ. ಗಿರಾಕಿ ಓಡಿ ಹೋಗಿ ಮೂರು ತಿಂಗಳು ವಾಪಸ್ ಬರದೇ ಇದ್ರೆ ಅದಕ್ಕೂ ಇಲ್ಲ.

ಅಪ್ಪನ ಜಾಗದಲ್ಲಿ ನಿಂತು ನೋಡಿ. ಬೇಗ ಹೇಳಿದ್ರೆ ಪರಿಹಾರ ಜಾಸ್ತಿ ಸಿಗಬೇಕು ಅನ್ನೋದು ನಿಯಮದ ಆಸೆ. ಆದ್ರೆ ಹದಿನೈದು ಕೋಳಿ ಇಟ್ಟಿರೋ ಅಂಗಡಿಯವನಿಗೆ ಹೇಳಿದ್ರೆ ಸಿಗೋದು ಕೆಲವೇ ರೂಪಾಯಿ, ಹೋಗೋದು ಇಡೀ ಸೀಸನ್. ಸುಮ್ಮನಿದ್ದು ಬೇಗ ಮಾರಿದ್ರೆ? ಏನೂ ಹೋಗಲ್ಲ. ಆಯಿಗೂ ಅದೇ ಲೆಕ್ಕ. ಕಾಯಿಲೆ ಕೋಳಿಗೆ ಅರ್ಧ ರೇಟು, ಸತ್ತ ಕೋಳಿಗೆ ಸೊನ್ನೆ. ಅದಕ್ಕೇ ರೋಗ ಬಂದ ಕೂಡಲೇ ಕೋಳಿಗಳು ಮನೆಯಲ್ಲಿ ಉಳಿಯಲ್ಲ, ಸಂತೆಗೆ ಓಡ್ತವೆ. ರೋಗ ಹರಡೋಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಇದಕ್ಕೆ ನಾವು ಗಿರಾಕಿಗಳೂ ಪಾಲುದಾರರು. ನೆನಪಿದೆಯಾ, 2020ರ ಮಾರ್ಚ್? ಚಿಕನ್ ತಿಂದ್ರೆ ಕೊರೊನಾ ಬರ್ತದೆ ಅಂತ ಒಂದು ಸುಳ್ಳು ಫಾರ್ವರ್ಡ್ ಬಂತು. ರೇಟ್ ಪಾತಾಳಕ್ಕೆ ಹೋಯ್ತು. ಅಪ್ಪ ಒಂದು ತಿಂಗಳು ಅಂಗಡಿ ಬಾಡಿಗೆ ಕಟ್ಟೋಕೆ ಅವ್ವನ ಝುಮಕಿ ಅಡವಿಟ್ಟ. "ಬಾಯಿ ಬಿಟ್ಟಿ ಅಂದ್ರ" ಅಂತ ಅವತ್ತು ಅಪ್ಪ ಹೆದರಿದ್ದು ಸುಮ್ಮನೆ ಅಲ್ಲ. ಸುಳ್ಳು ಸುದ್ದಿಗೇ ಅಷ್ಟು ಶಿಕ್ಷೆ ಅನುಭವಿಸಿದವನು ನಿಜ ಹೇಳೋಕೆ ಧೈರ್ಯ ಎಲ್ಲಿಂದ ತರಬೇಕು?

(7/8)

ಏಳನೇ ಫೋಟೋ ಒಂದು ಹಾಳೆ. ನನ್ನ ಕೈಬರಹ ಕೆಟ್ಟದಾಗಿದೆ, ಝೂಮ್ ಮಾಡಿ.

ಗೆಳತಿ ಹೇಳಿದ್ದರಲ್ಲಿ ನನ್ನ ತಲೆಗೆ ಹತ್ತಿದ್ದು ಹಾಂಗ್‌ಕಾಂಗ್. ಎಚ್5ಎನ್1 ಮನುಷ್ಯರಿಗೆ ತಗುಲಿದ್ದು ಮೊದಲು ಗೊತ್ತಾದದ್ದು ಅಲ್ಲೇ, 1997ರಲ್ಲಿ. 18 ಜನರಿಗೆ ಬಂತು, 6 ಜನ ಸತ್ತರು. ಜೀವಂತ ಕೋಳಿ ಮಾರೋ ಮಾರ್ಕೆಟ್‌ಗಳೇ ಮೂಲ ಅಂತ ಕಂಡುಬಂತು. ಊರಿನ ಅಷ್ಟೂ ಕೋಳಿಗಳನ್ನ, ಹತ್ತು ಲಕ್ಷಕ್ಕೂ ಹೆಚ್ಚು, ಕೊಂದರು. ಆದ್ರೂ ರೋಗ ಮತ್ತೆ ಬಂತು. ಆಮೇಲೆ 2001ರಿಂದ ಒಂದು ನಿಯಮ ತಂದ್ರು: ತಿಂಗಳಿಗೊಂದು ದಿನ ಎಲ್ಲಾ ಅಂಗಡಿಗಳ ಪಂಜರ ಖಾಲಿ ಆಗಬೇಕು, ತೊಳೀಬೇಕು, ಒಣಗಬೇಕು. 2003ರಲ್ಲಿ ಅದನ್ನ ತಿಂಗಳಿಗೆ ಎರಡು ದಿನ ಮಾಡಿದ್ರು. 2008ರಲ್ಲಿ ರಾತ್ರಿ ಅಂಗಡಿಯಲ್ಲಿ ಜೀವಂತ ಕೋಳಿ ಇಡೋದನ್ನೇ ನಿಲ್ಲಿಸಿದ್ರು.

ಚೀನಾದಲ್ಲಿ 2013ರಲ್ಲಿ ಎಚ್7ಎನ್9 ಅನ್ನೋ ಇನ್ನೊಂದು ಹಕ್ಕಿ ಜ್ವರ ಬಂತು. ಆಗ ಅದರಲ್ಲಿ ಕೋಳಿ ಸಾಯ್ತಾನೂ ಇರಲಿಲ್ಲ, ಮಂಕಾಗ್ತಾನೂ ಇರಲಿಲ್ಲ; ಮನುಷ್ಯರಿಗೆ ಮಾತ್ರ ಕಾಯಿಲೆ ಆಗ್ತಿತ್ತು. ಶಾಂಘೈ ಮತ್ತು ಇನ್ನು ಮೂರು ನಗರಗಳಲ್ಲಿ ಜೀವಂತ ಕೋಳಿ ಮಾರ್ಕೆಟ್ ಮುಚ್ಚಿದ ಮೇಲೆ ಹೊಸ ಸೋಂಕು ಶೇ 97ಕ್ಕೂ ಹೆಚ್ಚು ಇಳೀತು ಅಂತ ಅಧ್ಯಯನದಲ್ಲಿ ಕಂಡುಬಂತು. ಮಾರ್ಕೆಟ್ ತೆರೆದ ಮೇಲೆ, ಮುಂದಿನ ಚಳಿಗಾಲಕ್ಕೆ, ರೋಗ ಮತ್ತೆ ಬಂತು.

ನಮ್ಮಲ್ಲಿ ಮಾರ್ಕೆಟ್ ಮುಚ್ಚಿಸೋದು ನನ್ನ ಕೈಲಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಆದ್ರೆ ಒಂದು ದಿನ ಖಾಲಿ ಇಡೋಕೆ ಎಷ್ಟು ಖರ್ಚು? ಅದನ್ನ ಲೆಕ್ಕ ಹಾಕಬಹುದು. ಹಾಕಿದೆ.

ನಮ್ಮಲ್ಲಿ ಸೋಮವಾರ ಬಹಳ ಮನೆಗಳಲ್ಲಿ ಚಿಕನ್ ಮಾಡಲ್ಲ. ನಮ್ಮ ಅಂಗಡಿಯಲ್ಲಿ ಆ ದಿನ ಹೋಗೋದು 12 ಕೋಳಿ, ಅಂದಾಜು 24 ಕೆಜಿ. ಕೆಜಿಗೆ 20 ರೂಪಾಯಿ ಉಳಿದ್ರೆ 480. ಖಾಲಿ ಇಟ್ಟರೆ ಹೋಗೋದು ಅಷ್ಟು.

ಉಳಿಯೋದು? ರಾತ್ರಿ ಹಾಕೋ ಕಾಳು 70. ಪಂಜರದಲ್ಲಿ ಕೂತ ಕೋಳಿ ತೂಕ ಕಳ್ಕೊಳ್ತದೆ; 12 ಕೋಳಿಗೆ 900 ಗ್ರಾಂ ಹಿಡಿದ್ರೆ 117. ಭಾನುವಾರ-ಸೋಮವಾರದ ನಡುವೆ ಎರಡು ವಾರಕ್ಕೊಂದು ಕೋಳಿ ಸಾಯ್ತಿತ್ತು, ವಾರಕ್ಕೆ 130. ಒಟ್ಟು 317. ನಿಜವಾದ ನಷ್ಟ 163. ಅದಕ್ಕೆ ಸೋಪಿನ ಪುಡಿ, ಬ್ಲೀಚಿಂಗ್ 40. ಅಂದ್ರೆ ವಾರಕ್ಕೆ 203 ರೂಪಾಯಿ.

ಹಾಳೆಯನ್ನ ಅಪ್ಪನ ಮುಂದೆ ಇಟ್ಟೆ. ಅಪ್ಪ ಎರಡು ಸಲ ಓದಿದ. "ಲೆಕ್ಕ ಖರೇನೆ ಅದ. ಆದ್ರ ಎರಡ್ನೂರ್ ರೂಪಾಯಿ ಅಂದ್ರ ನಮಗ ಒಂದಿನದ ಎಣ್ಣಿ-ಬ್ಯಾಳಿ. ಬಾಜೂ ಅಂಗಡ್ಯಾವ ಖಾಲಿ ಇಡ್ತಾನೇನು? ಗಿರಾಕಿ ಅವನ ಕಡೆ ಹೋಗ್ತಾರ, ಸುಮ್ನ ಬಿಡು" ಅಂದು ಹಾಳೆ ಮಡಚಿಟ್ಟ.

ಆಗ ನಾನು ಆ ಹುಂಜದ ಕಥೆ ಪೂರ್ತಿ ಹೇಳಿದೆ. ಆಯಿ ಕೋಳಿ ಸತ್ತಿದ್ದು ಅಪ್ಪನಿಗೆ ಗೊತ್ತಿತ್ತು. ಆ ಐದು ಕೋಳಿಗೂ ಹುಂಜಕ್ಕೂ ನಾನು ತಿಂಗಳುಗಟ್ಟಲೆ ಗಂಟು ಹಾಕ್ತಾ ಕೂತಿದ್ದು ಗೊತ್ತಿರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಪಂಜರದ ಮುಂದೆ ನಿಂತ. ಮುಂದಿನ ಭಾನುವಾರ ಗಾಡಿಯವನಿಗೆ 12 ಕೋಳಿ ಕಡಿಮೆ ಹೇಳಿದ.

(8/8)

ಕೊನೆಯ ಫೋಟೋ ಆಯಿಯ ಹಿತ್ತಲು. ಕಾವಿಗೆ ಕೂತಿದ್ದ ಆ ಒಂದು ಕೋಳಿ, ಅದರ ಏಳು ಮರಿ. ಈಗ ಅವಕ್ಕೆಲ್ಲ ಕೊಕ್ಕರೆ ರೋಗದ ಲಸಿಕೆ ಹಾಕಿಸಿದ್ದೀವಿ.

ಆಯಿಗೆ ನಾನೇ ಹೋಗಿ ಹೇಳಿದೆ. ಒಲೆ ಮುಂದೆ ಕೂತಿದ್ಲು. ರೊಟ್ಟಿ ತಟ್ಟೋ ಕೈ ನಿಲ್ಲಿಸಿ ಕೇಳಿದ್ಲು. ನಾನು ಅತ್ತೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು:

"ಕೋಳಿ ಹೋದ್ರ ಹೋಗ್ಲಿ ಯವ್ವಾ. ನೀ ಅವತ್ತೇ ಹೇಳಿದ್ದಿ ಅಂದ್ರ, ಆ ಎರಡ್ ಕೋಳಿ ನಾ ಬೈಕಿನವಗ ಕೊಡ್ತಿದ್ದಿಲ್ಲ. ಅವು ಯಾರ ಹಿತ್ತಲಕ್ಕ ಹೋದ್ವೋ ಏನೋ."

ನಾನು ಬರೀ ನಮ್ಮ ಹದಿನಾಲ್ಕು ಕೋಳಿ ಲೆಕ್ಕ ಹಾಕ್ತಿದ್ದೆ. ಶಾಲೆ ಮೆಟ್ಟಿಲು ಹತ್ತದ ಆಯಿ, ತಾನು ನೋಡೇ ಇರದ ಇನ್ನೊಬ್ಬಳ ಹಿತ್ತಲಿನ ಲೆಕ್ಕ ಹಾಕಿದ್ಲು.

ಈಗ ನಿಮ್ಮ ಪಾಲಿನ ಕೆಲಸ. ಸೇವ್ ಮಾಡ್ಕೊಳ್ಳಿ.

ಮನೆಯಲ್ಲಿ ಕೋಳಿ ಇದ್ರೆ: ಸಂತೆಯಿಂದ, ಅಂಗಡಿಯಿಂದ ತಂದ ಕೋಳಿಯನ್ನ ಸೀದಾ ಗುಂಪಿಗೆ ಬಿಡಬೇಡಿ. ಎರಡು ವಾರ ದೂರ ಇಡಿ, ಅದಕ್ಕೆ ಬೇರೆ ನೀರು, ಬೇರೆ ಕಾಳು. ನಾನು ಆಯಿಗೆ ಇದೊಂದು ಮಾತು ಹೇಳಿದ್ರೆ ಸಾಕಿತ್ತು.

ಒಮ್ಮೆಲೇ ಕೋಳಿ ಸಾಯ್ತಿದ್ರೆ, ಕಾಗೆ-ಕೊಕ್ಕರೆ ಸತ್ತು ಬಿದ್ದಿದ್ರೆ: ಬರಿಗೈಲಿ ಮುಟ್ಟಬೇಡಿ, ನಾಲೆಗೆ ಎಸೀಬೇಡಿ, ಮಾರಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ. ಹೂಳೋಕೆ ಮುಂಚೆ. ಹೂತ ಮೇಲೆ ಯಾವ ಲ್ಯಾಬೂ ಉತ್ತರ ಹೇಳಲ್ಲ. ನನಗೆ ಯಾವತ್ತೂ ಉತ್ತರ ಸಿಗಲ್ಲ.

ಅಂಗಡಿ ಇದ್ರೆ: ಮೊದಲು ಉಜ್ಜಿ ಹಿಕ್ಕೆ ತೆಗೆದು ಸೋಪಿನ ನೀರಲ್ಲಿ ತೊಳೀರಿ, ಆಮೇಲೆ ಬ್ಲೀಚಿಂಗ್. ಗಲೀಜಿನ ಮೇಲೇ ಪೌಡರ್ ಚೆಲ್ಲಿದ್ರೆ ಅದು ಕೆಲಸ ಮಾಡಲ್ಲ. ಆಮೇಲೆ ಬಿಸಿಲಿಗೆ ಇಡಿ. ಬೀದರ್‌ನಲ್ಲಿ ಪುಕ್ಕಟೆ ಸಿಗೋದು ಬಿಸಿಲೊಂದೇ.

ತಿನ್ನೋರು: ಮನೆಯಲ್ಲಿ ಹಸಿ ಚಿಕನ್ ಮುಟ್ಟಿದ ಕೈ, ಚಾಕು ತೊಳೀರಿ, ಮಕ್ಕಳ ಕೈಗೆ ಹಸಿ ತುಂಡು ಕೊಡಬೇಡಿ. ಮತ್ತೆ, ಅಂಗಡಿಯವನು "ಇವತ್ತು ಮಾಲು ಸರಿ ಇಲ್ರಿ, ನಾಳಿ ಬರ್ರಿ" ಅಂದ್ರೆ ಅವನಿಗೆ ಥ್ಯಾಂಕ್ಸ್ ಹೇಳಿ, ನಾಳೆ ಮರೀದೆ ಅವನ ಹತ್ರನೇ ಹೋಗಿ. ಪಕ್ಕದ ಅಂಗಡಿಗೆ ಓಡಿದ್ರೆ, ನಿಜ ಹೇಳಿದ್ದಕ್ಕೆ ನೀವೇ ದಂಡ ಹಾಕಿದ ಹಾಗೆ.

ನಮ್ಮ ಪಕ್ಕದ ಅಂಗಡಿಯ ಪಂಜರ ಸೋಮವಾರ ಇನ್ನೂ ತುಂಬಿರ್ತದೆ. ಒಂದೇ ಅಂಗಡಿ ಖಾಲಿ ಇಟ್ಟರೆ ಸಾಲಲ್ಲ ಅಂತ ನನಗೂ ಗೊತ್ತು. ಹಾಂಗ್‌ಕಾಂಗ್‌ನಲ್ಲಿ ಎಲ್ಲರೂ ಒಂದೇ ದಿನ ಖಾಲಿ ಇಟ್ಟಿದ್ರು, ಅದಕ್ಕೇ ಯಾರ ಗಿರಾಕಿನೂ ಯಾರ ಕಡೆಗೂ ಓಡಲಿಲ್ಲ. ಭಾಲ್ಕಿ, ಔರಾದ್, ಬೀದರ್, ಮೂರೂ ಕಡೆ ಸೋಮವಾರ ಎಲ್ಲಾ ಪಂಜರ ಖಾಲಿ ಇರಲಿ ಅಂತ ಅರ್ಜಿ ಬರೀತಿದ್ದೀನಿ. ನೀವು ಆ ಊರಿನವರಾದ್ರೆ ಸಹಿಗೆ ಡಿಎಂ ಮಾಡಿ.

ಈ ಸರಣಿ ಹಾಕೋಕೆ ಮುಂಚೆ ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಅಂಗಡಿ ಹೆಸರ್ ಹಾಕ್ಬ್ಯಾಡ" ಅಂದ. ಹಾಕಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಟ್‌ಬುಕ್ ತೆಗೆದು 'ವೇಸ್ಟ್' ಅನ್ನೋದನ್ನ ಹೊಡೆದು ಹಾಕಿದ. "ಇಲ್ಲಿ ಎಷ್ಟು ಸತ್ವು ಅಂತ ಬರಿ. ಯಾವ ಗಾಡಿ, ಯಾವ ದಿನ, ಅದನ್ನೂ ಬರಿ" ಅಂದ.

ಬರೀತಿದ್ದೀನಿ.

#ಬೀದರ್ #ಭಾಲ್ಕಿ #ಔರಾದ್ #ಹಕ್ಕಿಜ್ವರ #ಖಾಲಿಪಂಜರ #ಸೋಮವಾರ